ಪಿಕಪ್‌ನ ಹಿಂಭಾಗ ಕುಣಿಯುತ್ತದೆ ಅಂತ ಕೊಳ್ಳುವುದನ್ನು ಬಿಡಬೇಡಿ
ಟೆಸ್ಟ್ ಡ್ರೈವ್‌ನಲ್ಲಿ ಬೊಲೆರೊ ಪಿಕಪ್‌ನ ಹಿಂಭಾಗ ಕುಣಿಯಿತು ಅಂದಿರಲ್ಲ, ಬಹುಶಃ ಲೀಫ್ ಸ್ಪ್ರಿಂಗ್ (ಹಿಂದಿನ ಚಕ್ರಗಳ ಕಡೆ ಇರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಕಾರಣ. ಲೋಡಿಗೆಂದೇ ಅದು ಗಟ್ಟಿ, ಖಾಲಿ ಗಾಡಿ ಎತ್ತಿಹಾಕುತ್ತದೆ. ಟೈರಿನಲ್ಲಿ ಗಾಳಿ ಜಾಸ್ತಿ ಇದ್ದರೂ ಹೀಗಾಗಬಹುದು, ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ಗಾಳಿ ಚೆಕ್ ಮಾಡಿಸಿ. ಆಮೇಲೆ ನೀವು ದಿನಾ ಹೇರುವಷ್ಟೇ ತೂಕ ಹಾಕಿಸಿ ಓಡಿಸಿ. ಷೋರೂಮಿನವರು ಒಪ್ಪದಿದ್ದರೆ, ಅದೇ ಮಾಡೆಲ್ ಇರುವ ಬಾಡಿಗೆ ಗಾಡಿಯವರ ಜೊತೆ ಲೋಡಿನಲ್ಲಿ ಒಮ್ಮೆ ಹೋಗಿ ಬನ್ನಿ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದಾಗ ಗಾಡಿಯ ನಿಜವಾದ ಶಕ್ತಿ ಗೊತ್ತಾಗುತ್ತದೆ.

ಎಕ್ಸ್ ಷೋರೂಂ ಬೆಲೆ ಮಾತ್ರ ನೋಡಬೇಡಿ. ತೆರಿಗೆ, ಇನ್ಶೂರೆನ್ಸ್, ಟಾರ್ಪಾಲು ಎಲ್ಲ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಲೋಡ್ ಸೇರಿ ಒಟ್ಟು ತೂಕ 3,000 ಕೆಜಿ ದಾಟುವ ಮಾಡೆಲ್ ಆದರೆ ಗೂಡ್ಸ್ ಪರ್ಮಿಟ್ ಖರ್ಚೂ ಸೇರಿಸಿ. ಬಾಡಿಗೆ ಕಡಿಮೆ ಇರುವ ತಿಂಗಳಲ್ಲೂ ಕಂತು ಕಟ್ಟಬಹುದು ಅನ್ನಿಸಿದರೆ ಮಾತ್ರ ಬುಕಿಂಗ್ ದುಡ್ಡು ಕೊಡಿ.