ಪೌಡರ್ ಬೇಕು, ಮುಖವಿಡೀ ಬೇಡ

ಪ್ರಶ್ನೆ: ಡಿಸೆಂಬರ್‌ನಲ್ಲಿ ವಿರಾಜಪೇಟೆಯಲ್ಲಿ ನನ್ನ ಮದುವೆ. ಸಹಜವಾಗಿ ಹೊಳೆಯುವ ಡ್ಯೂಯಿ ಲುಕ್ ಬೇಕು. ಟ್ರಯಲ್‌ನಲ್ಲಿ ಪೌಡರ್ ಹಾಕಿದರೆ ಮುಖ ಬೂದಿ ಬಳಿದಂತಾಯಿತು, ಹಾಕದಿದ್ದರೆ ಮಧ್ಯಾಹ್ನಕ್ಕೇ ಮೂಗಿನ ಪಕ್ಕ ಕರಗಿತು. ಸೆಟ್ಟಿಂಗ್ ಸ್ಪ್ರೇ ಒಂದೇ ಸಾಕಾ ಮೇಡಂ?

ಉತ್ತರ: ಸಾಲದು. ಮದುವೆ ಸೀಸನ್ ಬಂತೆಂದರೆ ‘ಪೌಡರೋ, ಸ್ಪ್ರೇಯೋ’ ಎಂಬ ಇದೇ ಪ್ರಶ್ನೆ. ಎರಡರ ಕೆಲಸವೂ ಬೇರೆ. ಪೌಡರ್ ಜಿಡ್ಡು ಹೀರುತ್ತದೆ. ಸ್ಪ್ರೇಯಲ್ಲಿರುವ ಪಾಲಿಮರ್ ಒಣಗಿ ತೆಳು ಪದರವಾಗಿ ಮೇಕಪ್ಪನ್ನು ಹಿಡಿದುಕೊಳ್ಳುತ್ತದೆ, ಆದರೆ ಚರ್ಮದಿಂದ ಬರುವ ಜಿಡ್ಡನ್ನು ತಡೆಯುವುದು ಅದರ ಕೈಲಾಗದು.

ಜಿಡ್ಡು ಹೆಚ್ಚು ಬರುವುದು ಹಣೆಯ ನಡು, ಮೂಗಿನ ಪಕ್ಕ, ಗದ್ದದಲ್ಲಿ. ಪೌಡರ್ ಅಲ್ಲಿಗಷ್ಟೇ. ಸಣ್ಣ ಪಫ್‌ನಲ್ಲಿ ತೆಗೆದು, ಕೈಯ ಹಿಂಬದಿಗೆ ತಟ್ಟಿ, ಉಳಿದದ್ದನ್ನು ಒತ್ತಿ. ಬ್ರಷ್ಷಿನಿಂದ ಗುಡಿಸಿದರೆ ಕೆಳಗಿನ ಫೌಂಡೇಶನ್ ಸರಿದು ಗೆರೆ ಬೀಳುತ್ತದೆ. ಕೆನ್ನೆಯ ಮೂಳೆಯ ಮೇಲೆ ಪೌಡರ್ ಸೋಕಲೇಬಾರದು. ನಿಮಗೆ ಬೇಕಾದ ಹೊಳಪು ಇರುವುದೇ ಅಲ್ಲಿ.

ಕ್ರೀಮ್ ಬ್ಲಶ್, ಲಿಕ್ವಿಡ್ ಹೈಲೈಟರ್ ಎಲ್ಲ ಪೌಡರ್‌ಗಿಂತ ಮೊದಲು. ಪೌಡರ್ ಮೇಲೆ ಕ್ರೀಮ್ ಉಜ್ಜಿದರೆ ತೇಪೆ ತೇಪೆಯಾಗಿ ಏಳುತ್ತದೆ. ಫೌಂಡೇಶನ್ ತೆಳುವಾಗಿರಲಿ, ದಪ್ಪಗೆ ಮೆತ್ತಿದ್ದನ್ನು ಎಷ್ಟು ದುಬಾರಿ ಸ್ಪ್ರೇಯೂ ಉಳಿಸಲಾರದು. ಕೊನೆಗೆ ಸ್ಪ್ರೇ: ಕಣ್ಣು ಮುಚ್ಚಿ, 20–25 ಸೆಂಟಿಮೀಟರ್ ದೂರದಿಂದ, ಒಣಗುವ ತನಕ ನಗಬೇಡಿ. ‘ಮ್ಯಾಟ್’ ಎಂದು ಬರೆದ ಬಾಟಲಿ ತಂದು ಹೊಳಪು ಬರಲಿಲ್ಲ ಎಂದು ನನಗೆ ಬರೆಯಬೇಡಿ. ಹೊಸ ಬಾಟಲಿಯನ್ನು ಮದುವೆಯ ದಿನವೇ ತೆರೆಯುವುದಕ್ಕೂ ನಾನು ಒಪ್ಪುವುದಿಲ್ಲ. ಕೆಲವು ದಿನ ಮೊದಲೇ ಕಿವಿಯ ಹಿಂದೆ ಹಾಕಿ ನೋಡಿ.

ಕೊಡವ ಪದ್ಧತಿಯ ಮದುವೆಯಾದರೆ ತಲೆಗೆ ಕಟ್ಟುವ ವಸ್ತ್ರದ ಅಂಚು ಹಣೆಗೆ ತಾಗುವ ಜಾಗವನ್ನು ಮರೆಯಬೇಡಿ. ಗಂಗಾಪೂಜೆಯಲ್ಲಿ ತಲೆಯ ಮೇಲೆ ನೀರಿನ ಕೊಡ ಹೊತ್ತು, ಎದುರು ಕುಣಿಯುವವರು ದಾರಿ ಬಿಡುವ ತನಕ ಗಂಟೆಗಟ್ಟಲೆ ನಿಲ್ಲುವಾಗ ಮೊದಲು ಬೆವರುವುದು ಅಲ್ಲೇ. ಅಲ್ಲಿಗೆ ಪೌಡರ್ ತುಸು ಹೆಚ್ಚೇ ಇರಲಿ. ಟಿಶ್ಯೂ ಹಿಡಿದುಕೊಳ್ಳುವ ಕೆಲಸ ಜೊತೆಗಿರುವ ತಂಗಿಗೋ ನಾದಿನಿಗೋ ಇರಲಿ. ಒರೆಸುವುದಲ್ಲ, ಒತ್ತಿ ತೆಗೆಯುವುದು. ಬೆವರು ಆರಿಸದೆ ಮೇಲೆ ಪೌಡರ್ ಹಾಕಿದರೆ ಗಂಟು ಕಟ್ಟುತ್ತದೆ, ಫೋಟೋದಲ್ಲಿ ಎದ್ದು ಕಾಣುತ್ತದೆ.

ಪ್ರಶ್ನೆ: ಸೆಟ್ಟಿಂಗ್ ಸ್ಪ್ರೇ ಬದಲು ಹೇರ್ ಸ್ಪ್ರೇ ಹೊಡೆಯಬಹುದಾ? (ಕುಶಾಲನಗರ)

ಉತ್ತರ: ಕಣ್ಣು, ಚರ್ಮ ಎರಡೂ ಉರಿಯಬೇಕೆಂಬ ಆಸೆ ಇದ್ದರೆ ಹೊಡೆಯಿರಿ.

ಪ್ರಶ್ನೆ: ರೋಸ್ ವಾಟರ್, ಗ್ಲಿಸರಿನ್ ಬೆರೆಸಿ ಮನೆಯಲ್ಲೇ ಸ್ಪ್ರೇ ಮಾಡಿದರೆ? (ಮಡಿಕೇರಿ)

ಉತ್ತರ: ತೇವ ಸಿಗುತ್ತದೆ, ಮೇಕಪ್ ನಿಲ್ಲುವುದಿಲ್ಲ. ನಿಮ್ಮೂರಿನ ಮಳೆಗಾಲದಲ್ಲಿ ಗ್ಲಿಸರಿನ್ ಹೆಚ್ಚಾದರೆ ಮುಖವೆಲ್ಲ ಅಂಟಂಟು.

ಪ್ರಶ್ನೆ: ಮೇಕಪ್ಪೇ ಬೇಡದಂತೆ ವಾರದಲ್ಲಿ ಗ್ಲೋ ಬರುತ್ತದೆಂದು ಪಾರ್ಲರ್‌ನಲ್ಲಿ ಹೆಸರಿಲ್ಲದ ಡಬ್ಬಿಯ ಕ್ರೀಮ್ ಕೊಟ್ಟಿದ್ದಾರೆ. ಹಚ್ಚಲೇ? (ಸೋಮವಾರಪೇಟೆ)

ಉತ್ತರ: ಬೇಡವೇ ಬೇಡ. ಇಂಥ ದಿಢೀರ್ ಹೊಳಪಿನ ಕ್ರೀಮ್‌ಗಳಲ್ಲಿ ಬಹಳ ಸಲ ಸ್ಟೀರಾಯ್ಡ್ ಇರುತ್ತದೆ. ಮೊದಲು ಬೆಳ್ಳಗೆ ಕಾಣುತ್ತದೆ, ಆಮೇಲೆ ಚರ್ಮ ತೆಳುವಾಗಿ ಕೆಂಪಗಾಗುತ್ತದೆ, ಮೊಡವೆ ಏಳುತ್ತದೆ. ಅಂಥ ಚರ್ಮದ ಮೇಲೆ ನನ್ನ ಯಾವ ಫೌಂಡೇಶನ್ನೂ ಕೂರುವುದಿಲ್ಲ. ಈಗಾಗಲೇ ವಾರಗಟ್ಟಲೆ ಹಚ್ಚಿದ್ದರೆ ನನಗೆ ಬರೆಯುತ್ತಾ ಕೂರದೆ, ಡಬ್ಬಿ ಸಮೇತ ಚರ್ಮವೈದ್ಯರ ಬಳಿ ಹೋಗಿ.