3.4 ಜಿಪಿಎ ಇದ್ದರೆ ಅಮೆರಿಕದ ವೈದ್ಯಕೀಯ ಕಾಲೇಜಿನ ಆಸೆ ಬಿಡಬೇಕೇ?
ಮೊದಲೆರಡು ವರ್ಷ ರಸಾಯನಶಾಸ್ತ್ರದಲ್ಲಿ ಸಿ ಗ್ರೇಡುಗಳು ಬಂದಿದ್ದರಿಂದ, ಮೂರನೇ ವರ್ಷ ಮುಗಿಯುವ ಹೊತ್ತಿಗೆ ನಿಮ್ಮ ಒಟ್ಟು ಜಿಪಿಎ (4.0ರ ಮಾಪನದಲ್ಲಿ ಎಲ್ಲ ಗ್ರೇಡುಗಳ ಸರಾಸರಿ) 3.4ರಲ್ಲಿ ನಿಂತಿದೆ ಎಂದು ಬರೆದಿದ್ದೀರಿ. ಆಸೆ ಬಿಡಬೇಕಾಗಿಲ್ಲ. ಹಾಗೆಂದು, ಗ್ರೇಡುಗಳನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ ಎಂದು ಸಮಾಧಾನ ಹೇಳುವವರನ್ನೂ ನಂಬಬೇಡಿ.

ಇತ್ತೀಚಿನ ವರ್ಷಗಳಲ್ಲಿ ಎಂಡಿಗೆ, ಅಂದರೆ ಅಮೆರಿಕದಲ್ಲಿ ವೈದ್ಯರಾಗಲು ಓದುವ ಮೊದಲ ವೈದ್ಯಕೀಯ ಪದವಿಗೆ, ಸೇರಿದವರ ಸರಾಸರಿ ಜಿಪಿಎ ಸುಮಾರು 3.8 ಇದೆ, 472ರಿಂದ 528ರವರೆಗೆ ಅಂಕ ನೀಡುವ ಎಂಕ್ಯಾಟ್ ಎಂಬ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಅವರ ಸರಾಸರಿ 512ರ ಆಸುಪಾಸಿನಲ್ಲಿದೆ. ಸಾವಿರಾರು ಅರ್ಜಿಗಳು ಬಂದು ಬೀಳುವ ಕಾಲೇಜಿಗೆ ಈ ಎರಡು ಸಂಖ್ಯೆಗಳೇ ಮೊದಲ ಜರಡಿ.

ಆದರೆ ಇಂತಹ ವಿದ್ಯಾರ್ಥಿಗಳಿಗೆ ಸಲಹೆ ನೀಡುವ ಕೆಲಸದಲ್ಲಿರುವ ನಾನು ಒಟ್ಟು ಜಿಪಿಎಗಿಂತ ಮೊದಲು ನೋಡುವುದು ಅದು ಯಾವ ವರ್ಷ, ಯಾವ ವಿಷಯಗಳಿಂದ ಬಂದಿದೆ ಎಂಬುದನ್ನು. ಹೆಚ್ಚಿನ ಎಂಡಿ ಕಾಲೇಜುಗಳ ಅರ್ಜಿಗಳನ್ನು ಸ್ವೀಕರಿಸುವ ಆಮ್‌ಕಾಸ್ ವ್ಯವಸ್ಥೆಯು ನಿಮ್ಮ ಗ್ರೇಡುಗಳನ್ನು ತಾನೇ ಮತ್ತೆ ಲೆಕ್ಕ ಹಾಕಿ, ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ಗಣಿತಗಳ ಜಿಪಿಎಯನ್ನು ಬೇರೆಯಾಗಿ, ಅದೂ ವರ್ಷವಾರು ತೋರಿಸುತ್ತದೆ. ನೀವು ಈವರೆಗೆ 90 ಕ್ರೆಡಿಟ್ ಮುಗಿಸಿದ್ದೀರಿ ಎಂದುಕೊಳ್ಳೋಣ. ಮುಂದಿನ 30 ಕ್ರೆಡಿಟ್‌ಗಳಲ್ಲಿ ಎಲ್ಲಕ್ಕೂ ಎ ಗ್ರೇಡ್ ಪಡೆದರೂ ಒಟ್ಟು ಜಿಪಿಎ 3.55ಕ್ಕಷ್ಟೇ ಏರುತ್ತದೆ, ಆದರೆ ಅದೇ ಪಟ್ಟಿಯಲ್ಲಿ ನಾಲ್ಕನೇ ವರ್ಷದ ಸಾಲಿನಲ್ಲಿ 4.0 ಎಂದು ಕಾಣುತ್ತದೆ. ಏರುತ್ತಾ ಹೋಗುವ 3.55 ಮತ್ತು ಇಳಿಯುತ್ತಾ ಬಂದ 3.55 ಒಂದೇ ಅಲ್ಲ ಎಂಬುದು ಅರ್ಜಿ ಓದುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಸಿ ಬಂದ ವಿಷಯವನ್ನೇ ಮತ್ತೆ ತೆಗೆದುಕೊಳ್ಳಲೇ ಎಂದೂ ಕೇಳಿದ್ದೀರಿ. ಆಮ್‌ಕಾಸ್ ಹಳೆಯ ಗ್ರೇಡನ್ನು ಅಳಿಸುವುದಿಲ್ಲ, ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಡಿ ಬಂದಿದ್ದರೆ ಮಾತು ಬೇರೆ. ಸಿ ಗ್ರೇಡನ್ನು ಒಪ್ಪುವ ಕಾಲೇಜುಗಳು ಬಹಳಷ್ಟಿರುವುದರಿಂದ, ಆ ಸಮಯವನ್ನು ಬಯೋಕೆಮಿಸ್ಟ್ರಿ ಅಥವಾ ಶರೀರಕ್ರಿಯಾಶಾಸ್ತ್ರದಂತಹ ಮೇಲ್ಮಟ್ಟದ ಕೋರ್ಸಿಗೆ ಕೊಟ್ಟು ಅಲ್ಲಿ ಎ ಪಡೆಯುವುದೇ ಲೇಸು ಎಂದು ನನ್ನ ಅಭಿಪ್ರಾಯ. ಪದವಿಯ ನಂತರ ಸ್ನಾತಕೋತ್ತರ ಕೋರ್ಸು ಮಾಡಿದರೆ ಅದರ ಜಿಪಿಎ ಪ್ರತ್ಯೇಕವಾಗಿಯೇ ಉಳಿಯುತ್ತದೆ, 3.4 ಅನ್ನು ಮೇಲೆತ್ತುವುದಿಲ್ಲ. ದುಬಾರಿ ಶುಲ್ಕ ಕಟ್ಟುವ ಮುನ್ನ ಇದನ್ನು ತಿಳಿದಿರಬೇಕು.

ಒಳ್ಳೆಯ ಅಂಕಗಳಿದ್ದ ಮಾತ್ರಕ್ಕೆ ಸೀಟು ಖಚಿತ ಎಂದೂ ಅಲ್ಲ. 3.8ರ ಮೇಲಿನ ಜಿಪಿಎ ಮತ್ತು 517ರ ಮೇಲಿನ ಎಂಕ್ಯಾಟ್ ಇದ್ದವರಲ್ಲೂ ಸರಿಸುಮಾರು ಐವರಲ್ಲಿ ಒಬ್ಬರಿಗೆ ಎಲ್ಲಿಯೂ ಪ್ರವೇಶ ಸಿಗುವುದಿಲ್ಲ. ರೋಗಿಗಳ ನಡುವೆ ಕೆಲಸ ಮಾಡಿದ ಅನುಭವ, ಶಿಫಾರಸು ಪತ್ರಗಳು, ಸಂದರ್ಶನ ಇವೆಲ್ಲ ಅಲ್ಲಿ ನಿರ್ಣಾಯಕವಾಗುತ್ತವೆ.

ನಿಮ್ಮ ವಿಷಯದಲ್ಲಿ ನಾನು ಒತ್ತಿ ಹೇಳುವುದು ಅರ್ಜಿಯ ಸಮಯದ ಬಗ್ಗೆ. ಈ ಬೇಸಿಗೆಯಲ್ಲೇ ಅರ್ಜಿ ಹಾಕಿದರೆ ನಾಲ್ಕನೇ ವರ್ಷದ ಗ್ರೇಡುಗಳು ಅದರ ಲೆಕ್ಕದಲ್ಲಿ ಸೇರುವುದೇ ಇಲ್ಲ. ಒಂದು ವರ್ಷ ತಡೆದು, ಪದವಿ ಮುಗಿದ ಮೇಲೆ ಜೂನ್ ತಿಂಗಳಲ್ಲೇ ಅರ್ಜಿ ಸಲ್ಲಿಸಿ.