ಮಿಡಿ ಮೆತ್ತಗಾಗಿದ್ದೇಕೆ?

ಪ್ರಶ್ನೆ: ಭರಣಿಯಲ್ಲಿ ಉಪ್ಪಿಗೆ ಹಾಕಿದ ಮಾವಿನ ಮಿಡಿಯ ಮೇಲೆ ಹತ್ತೇ ದಿನಕ್ಕೆ ಬಿಳಿ ಪೊರೆ ಕಟ್ಟಿದೆ, ಕೆಲವು ಮೆತ್ತಗಾಗಿವೆ. ಏನು ಮಾಡಲಿ?
– ಓದುಗರು, ಸೋಮವಾರಪೇಟೆ

ಉತ್ತರ: ಉಪ್ಪು ಕಡಿಮೆಯಾಗಿದೆ, ಇಲ್ಲವೇ ಮಿಡಿ ತೇಲಿ ಗಾಳಿ ತಾಗಿದೆ. ಪೊರೆ ತೆಗೆದು, ಮೆತ್ತಗಾದವನ್ನು ಬಿಸಾಡಿ. ಹತ್ತಿಯಂಥ ಬೂಷ್ಟು, ಕೆಟ್ಟ ವಾಸನೆ ಇದ್ದರೆ ಮಾತ್ರ ದಯವಿಟ್ಟು ಪೂರ್ತಿ ಚೆಲ್ಲಿಬಿಡಿ. ಚೆನ್ನಾಗಿರುವವು ಮುಳುಗುವಷ್ಟು ಉಪ್ಪುನೀರು ಹಾಕಿ: 1 ಲೀಟರ್ ನೀರಿಗೆ 250 ಗ್ರಾಂ ಕಲ್ಲುಪ್ಪು, ಕುದಿಸಿ ಪೂರ್ತಿ ಆರಿಸಿದ್ದು. ಮೇಲೆ ಕುದಿಸಿ ಒಣಗಿಸಿದ ಹೊಳೆಕಲ್ಲು ಹೇರಿ.

ಮುಂದಿನ ಸಲ 4 ಕೆ.ಜಿ. ಮಿಡಿಗೆ 1 ಕೆ.ಜಿ. ಕಲ್ಲುಪ್ಪು ಇರಲಿ. ಮರದಿಂದ ಉದುರಿಸಬೇಡಿ, ನೆಲಕ್ಕೆ ಬಿದ್ದು ಪೆಟ್ಟಾದ ಜಾಗದಿಂದಲೇ ಮಿಡಿ ಕೊಳೆಯುವುದು. ಅರ್ಧ ಇಂಚು ತೊಟ್ಟು ಬಿಟ್ಟೇ ಕೊಯ್ಯಿರಿ. ಕೊಡಗಿನ ಮಳೆಗಾಲದ ಥಂಡಿಯಲ್ಲಿ ಭರಣಿ ನೆಲದ ಮೇಲೆ ಬೇಡ, ಹಲಗೆಯ ಮೇಲಿಡಿ.